ಲೆಕ್ಕ ಮನೆ ಬದಲಿಸುವಾಗ

ನಿಮ್ಮ ಮನೆಯ ಹತ್ತು ವರ್ಷಗಳ ಜಮಾ-ಖರ್ಚು ಕಂಪ್ಯೂಟರಿನಲ್ಲಿದೆ. ಆ ತಂತ್ರಾಂಶವೇ ನಾಳೆ ನಿಂತುಹೋದರೆ? ಇದು ಬರೀ ಊಹೆಯಲ್ಲ. ಮನೆಲೆಕ್ಕಕ್ಕೆಂದೇ ಇದ್ದ 'ಮನಿ' ತಂತ್ರಾಂಶದ ಮಾರಾಟವನ್ನು ಮೈಕ್ರೋಸಾಫ್ಟ್ ಕಂಪೆನಿ 2009ರಲ್ಲಿ ನಿಲ್ಲಿಸಿತು.

ಲೆಕ್ಕವನ್ನು ಬೇರೆಡೆಗೆ ಸಾಗಿಸಲು ದಾರಿಯಿದೆ. ಹಳೆಯದರಿಂದ ಕ್ಯೂಐಎಫ್ ಅಥವಾ ಸಿಎಸ್‌ವಿ ಎಂಬ ಬಗೆಯ ಕಡತವಾಗಿ ಹೊರತೆಗೆಯಿರಿ. ಉಚಿತವಾಗಿ ಸಿಗುವ ಗ್ನೂಕ್ಯಾಶ್ ಇವೆರಡನ್ನೂ ಓದುತ್ತದೆ. ಆದರೆ ಎಚ್ಚರ! ಕಡತದಲ್ಲಿ 3/4 ಎಂದಿದ್ದರೆ ಅದು ಏಪ್ರಿಲ್ 3ರೋ, ಮಾರ್ಚ್ 4ರೋ ನೀವೇ ತಿಳಿಸಬೇಕು. ಒಂದು ಖಾತೆಯಿಂದ ಇನ್ನೊಂದಕ್ಕೆ ಹಾಕಿದ ಹಣ ಎರಡು ಸಲ ದಾಖಲಾಗಲೂಬಹುದು. ಆದ್ದರಿಂದ ಪ್ರತಿ ಖಾತೆಯ ಶಿಲ್ಕನ್ನು ಪಾಸ್‌ಬುಕ್ಕಿನೊಂದಿಗೆ ತಾಳೆ ನೋಡಿ. ಹಳೆಯ ಕಡತವನ್ನು ಅಳಿಸಬೇಡಿ.

ಇದೆಲ್ಲಕ್ಕಿಂತ ಮೊದಲು ಕೈಸಾಲಗಳ ಪಟ್ಟಿಯನ್ನು ಕಾಗದದಲ್ಲಿ ಬರೆದಿಡಿ. ಕೈಸಾಲಕ್ಕೆ ಪಾಸ್‌ಬುಕ್ ಇರುವುದಿಲ್ಲ. ಸಾಗಾಟದಲ್ಲಿ ಒಂದು ಹೆಸರು ಬಿಟ್ಟುಹೋದರೆ ತಾಳೆ ನೋಡಲು ಏನೂ ಉಳಿಯದು. ನಾಳೆ ನೀವಿಲ್ಲದಾಗ, ಯಾರ ಹಕ್ಕು ಎಷ್ಟು ಬಾಕಿಯಿದೆಯೆಂದು ನಿಮ್ಮ ಮಕ್ಕಳು ತಿಳಿಯುವುದು ಆ ಪಟ್ಟಿಯಿಂದಲೇ.