ವಿಗ್ ಧಾರಣೆ: ಮನೆಯಲ್ಲಿ ಸಿದ್ಧಪಡಿಸುವ ಕ್ರಮ ಮತ್ತು ಎಚ್ಚರಿಕೆ

ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುವ ಎಷ್ಟೋ ತಾಯಂದಿರು ಸೂಜಿಯ ನೋವನ್ನೂ ವಾಕರಿಕೆಯನ್ನೂ ಮೌನವಾಗಿ ಸಹಿಸುತ್ತಾರೆ. ಬಾಚಣಿಗೆಯ ತುಂಬ ಕೂದಲು ಬಂದ ದಿನ ಮಾತ್ರ ಕಣ್ಣೀರಿಡುತ್ತಾರೆ. ನಮ್ಮ ಮನೆಯ ಹಿರಿಯ ಅಕ್ಕನವರ ವಿಷಯದಲ್ಲಿ ನಾವು ಇದನ್ನು ಕಣ್ಣಾರೆ ಕಂಡೆವು. ಓಣಿಯ ಪ್ರತಿಯೊಂದು ಶುಭಕಾರ್ಯದಲ್ಲಿ ಮುಂದೆ ನಿಲ್ಲುತ್ತಿದ್ದ ಅವರು ಎರಡು ತಿಂಗಳು ಹೊಸ್ತಿಲು ದಾಟಲಿಲ್ಲ. ಅವರಿಗಾಗಿ ಒಂದು ವಿಗ್ ತರಿಸಿದೆವು. ಪೆಟ್ಟಿಗೆ ತೆರೆದಾಗ ಅದರ ಮುಂಭಾಗದಲ್ಲಿ ಎರಡು ಅಂಗುಲದಷ್ಟು ತೆಳುವಾದ ಬಲೆಬಟ್ಟೆ ಜೋತಾಡುತ್ತಿತ್ತು. ಅದು ಹೊಲಿಗೆಯ ದೋಷವೆಂದು ಭಾವಿಸಿ, ಬಟ್ಟೆ ಕತ್ತರಿಯಿಂದ ಕೂದಲಿನ ಬುಡಕ್ಕೆ ಸರಿಯಾಗಿ ಒಂದೇ ಏಟಿಗೆ ಕತ್ತರಿಸಿದೆವು. ಕೆಲವೇ ದಿನಗಳಲ್ಲಿ ಮುಂಗೂದಲು ಎಳೆಎಳೆಯಾಗಿ ಕಳಚಿತು. ಉದುರಿದ ಕೂದಲನ್ನು ಅಕ್ಕನವರು ಎರಡನೆಯ ಸಲ ನೋಡಬೇಕಾಯಿತು. ಇಂತಹ ನೋವು ಬೇರೊಂದು ಮನೆಗೆ ಬಾರದಿರಲೆಂಬ ಉದ್ದೇಶದಿಂದ ಈ ವಿಷಯವನ್ನು ವಿವರವಾಗಿ ಬರೆಯುತ್ತಿದ್ದೇವೆ.

ಕೂದಲು ಉದುರುವುದೇಕೆ?

ಕ್ಯಾನ್ಸರಿಗೆ ಕೊಡುವ ಕೀಮೋಥೆರಪಿ ಔಷಧಿಗಳು ವೇಗವಾಗಿ ವಿಭಜನೆ ಹೊಂದುವ ಜೀವಕೋಶಗಳ ಮೇಲೆ ಕೆಲಸ ಮಾಡುತ್ತವೆ. ಕೂದಲಿನ ಬುಡದ ಕೋಶಗಳೂ ಅಂಥವೇ ಆದುದರಿಂದ ಅವೂ ಪೆಟ್ಟು ತಿನ್ನುತ್ತವೆ. ಎಲ್ಲ ಔಷಧಿಗಳಿಂದಲೂ ಕೂದಲು ಉದುರುವುದಿಲ್ಲ. ಉದುರಿಸುವ ಔಷಧಿಯಾದರೆ ಸಾಮಾನ್ಯವಾಗಿ ಮೊದಲ ಸುತ್ತಿನ 2-3 ವಾರಗಳ ಅನಂತರ ಆರಂಭವಾಗುತ್ತದೆ. ಚಿಕಿತ್ಸೆ ಮುಗಿದ ಮೇಲೆ ಬಹುಪಾಲು ಜನರಲ್ಲಿ ಕೂದಲು ಮರಳಿ ಬರುತ್ತದೆ. ಅದು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ನಡುವಿನ ಈ ಕಾಲಕ್ಕೆ ಆಸರೆಯಾಗುವುದೇ ವಿಗ್. ಕೂದಲು ಇರುವಾಗಲೇ ಒಂದು ಭಾವಚಿತ್ರ ತೆಗೆದಿಟ್ಟರೆ ಬಣ್ಣವನ್ನೂ ಹಣೆಯ ಅಂಚನ್ನೂ ಹೊಂದಿಸಲು ಅನುಕೂಲವಾಗುತ್ತದೆ.

ಆ ಬಲೆಯ ಮರ್ಮ

ನಾವು ದೋಷವೆಂದು ತಿಳಿದ ಬಲೆಯೇ ಈ ಬಗೆಯ ವಿಗ್ಗಿನ ಜೀವಾಳ. ಇದಕ್ಕೆ ಲೇಸ್ ಫ್ರಂಟ್ ವಿಗ್ ಎಂದು ಹೆಸರು. ಹಣೆಯ ಭಾಗದಲ್ಲಿ ಒಂದೊಂದು ಎಳೆಯನ್ನೂ ಸಣ್ಣ ರಂಧ್ರಗಳ ಬಲೆಗೆ ಕೈಯಿಂದ ಗಂಟು ಹಾಕಿರುತ್ತಾರೆ. ಆದುದರಿಂದ ಕೂದಲು ಚರ್ಮದಿಂದಲೇ ಹುಟ್ಟಿದಂತೆ ತೋರುತ್ತದೆ. ಅವರವರ ಹಣೆಗೆ ತಕ್ಕಂತೆ ಕತ್ತರಿಸಿಕೊಳ್ಳಲೆಂದೇ ಬಲೆಯನ್ನು ಹೆಚ್ಚಾಗಿ ಬಿಟ್ಟಿರುತ್ತಾರೆ. ಗಂಟಿಗೆ ಕತ್ತರಿ ತಾಗಿದರೆ ಆ ಎಳೆ ಬಿಚ್ಚಿಕೊಳ್ಳುತ್ತದೆ. ನಮ್ಮಿಂದಾದ ತಪ್ಪು ಇದೇ.

ಮಾನವ ಕೂದಲಿನ ವಿಗ್ಗುಗಳೂ ಇವೆ, ಕೃತಕ ನಾರಿನವೂ ಇವೆ. ಮೊದಲಿನವುಗಳಿಗೆ ಬೇಕಾಗುವ ಕೂದಲನ್ನು ಶುದ್ಧಮಾಡಿ, ಉದ್ದಕ್ಕೆ ತಕ್ಕಂತೆ ಜೋಡಿಸುವ ಕಾಯಕವು ನಮ್ಮ ಕೊಪ್ಪಳದ ಭಾಗ್ಯನಗರದಲ್ಲಿ ಅನೇಕ ಕುಟುಂಬಗಳಿಗೆ ಜೀವನಾಧಾರವಾಗಿದೆ. ಕೃತಕ ನಾರಿನವು ಕಡಿಮೆ ಬೆಲೆಯವು, ಹಗುರವಾದವು; ಕೆಲವು ತಿಂಗಳ ಬಳಕೆಗೆ ಸಾಕು.

ಕತ್ತರಿಸುವ ಮುನ್ನ

ಕತ್ತರಿಸಿದ ವಿಗ್ಗನ್ನು ಅಂಗಡಿಯವರು ಸಾಮಾನ್ಯವಾಗಿ ಮರಳಿ ಪಡೆಯುವುದಿಲ್ಲ. ಆದುದರಿಂದ ಮೊದಲು ಅಳತೆಯನ್ನೂ ಬಣ್ಣವನ್ನೂ ಹಗಲು ಬೆಳಕಿನಲ್ಲಿ ಪರೀಕ್ಷಿಸತಕ್ಕದ್ದು. ಬಲೆಯ ಬಣ್ಣ ಚರ್ಮಕ್ಕಿಂತ ಬಿಳುಪಾಗಿದ್ದರೆ, ಹಾಲು ಸಕ್ಕರೆಗಳಿಲ್ಲದ ಚಹಾ ಡಿಕಾಕ್ಷನ್ನನ್ನು ಪೂರ್ತಿ ಆರಿಸಿ, ಅಂಚಿನ ಬಲೆಯನ್ನು ಮಾತ್ರ ಕೆಲವು ನಿಮಿಷ ಅದ್ದಿ, ತಣ್ಣೀರಿನಲ್ಲಿ ತೊಳೆದು ಒಣಗಿಸಬಹುದು. ಕತ್ತರಿಸಬೇಕಾದ ಹೆಚ್ಚುವರಿ ಬಲೆಯಲ್ಲಿಯೇ ಮೊದಲು ಪ್ರಯೋಗ ಮಾಡಿ ನೋಡುವುದು ಕ್ಷೇಮ. ಗಂಟುಗಳ ಕಪ್ಪು ಬಣ್ಣ ತೆಗೆಯಲು ಕೆಲವರು ಬ್ಲೀಚ್ ಹಚ್ಚುತ್ತಾರೆ. ಅದು ಗಂಟನ್ನು ದುರ್ಬಲಗೊಳಿಸುತ್ತದೆ, ಚರ್ಮಕ್ಕೂ ಒಗ್ಗದು. ಚಿಕಿತ್ಸೆಯಲ್ಲಿರುವವರಿಗೆ ಅದು ಸಲ್ಲದು.

ಗುರುತು ತಲೆಯ ಮೇಲೆ, ಕತ್ತರಿ ಪಾತ್ರೆಯ ಮೇಲೆ

ಈ ಲೇಖನದಲ್ಲಿ ಬೇರೇನು ಮರೆತರೂ ಇದೊಂದನ್ನು ಮರೆಯಬಾರದು. ಕೀಮೋಥೆರಪಿಯ ಕಾಲದಲ್ಲಿ ಬಿಳಿ ರಕ್ತಕಣಗಳು ಕಡಿಮೆಯಾಗಿರುತ್ತವೆ. ಕತ್ತರಿಯ ತುದಿಯಿಂದಾದ ಸಣ್ಣ ಗೀರೂ ಸೋಂಕಿಗೆ ದಾರಿಯಾದೀತು. ಆದುದರಿಂದ ವಿಗ್ಗನ್ನು ತಲೆಯ ಮೇಲಿಟ್ಟು ಕತ್ತರಿಸಲಾಗದು.

ಮೊದಲು ಮೆತ್ತನೆಯ ಹತ್ತಿಯ ಟೊಪ್ಪಿಗೆ ತೊಡಿಸಿ, ಅದರ ಮೇಲೆ ವಿಗ್ ಇಡಬೇಕು. ಕಿವಿಯ ಬಳಿಯ ಎರಡು ಪಟ್ಟಿಗಳು ಸಮವಾಗಿರಲಿ. ಕೂದಲಿನ ಅಂಚು ಸಾಮಾನ್ಯವಾಗಿ ಹುಬ್ಬಿನಿಂದ ಅವರವರ ನಾಲ್ಕು ಬೆರಳಿನಷ್ಟು ಮೇಲಿರುತ್ತದೆ. ಹಳೆಯ ಭಾವಚಿತ್ರ ನೋಡಿ ಸರಿಪಡಿಸಬೇಕು. ಕೂದಲನ್ನೆಲ್ಲ ಹಿಂದಕ್ಕೆ ಬಾಚಿ ಕ್ಲಿಪ್ ಹಾಕಿ, ಕೂದಲಿನ ಅಂಚಿಗಿಂತ 2-3 ಮಿಲಿಮೀಟರ್ ಮುಂದೆ, ಬಲೆಯ ಮೇಲೆ ಬಿಳಿ ಪೆನ್ಸಿಲಿನಿಂದ ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ ಗುರುತು ಹಾಕಬೇಕು.

ಬಳಿಕ ವಿಗ್ಗನ್ನು ತೆಗೆದು, ಬೋರಲು ಹಾಕಿದ ದುಂಡನೆಯ ಪಾತ್ರೆಯ ಮೇಲೆ ಕೂಡಿಸಬೇಕು. ಬಲೆಯನ್ನು ಹಣೆ, ಎಡ ಕಣತಲೆ, ಬಲ ಕಣತಲೆ ಎಂದು ಮೂರು ಭಾಗ ಮಾಡಿಕೊಂಡು, ಒಂದೊಂದನ್ನೇ ಬಿಗಿಯಾಗಿ ಹಿಡಿದು, ಸಣ್ಣ ಹರಿತವಾದ ಕತ್ತರಿಯಿಂದ ಸ್ವಲ್ಪಸ್ವಲ್ಪವಾಗಿ ಕತ್ತರಿಸಬೇಕು. ನೇರ ಗೆರೆ ಎದ್ದು ಕಾಣುತ್ತದೆ. ಗರಗಸದ ಹಲ್ಲಿನಂತೆ ಅಂಕುಡೊಂಕಾಗಿ ಕತ್ತರಿಸಿದ ಅಂಚು ಚರ್ಮದಲ್ಲಿ ಬೆರೆತುಹೋಗುತ್ತದೆ. ಮೊದಲ ಸಲ ಹೆಚ್ಚೇ ಬಿಟ್ಟು, ತೊಡಿಸಿ ನೋಡಿ, ಬೇಕಾದರೆ ಮತ್ತೆ ತೆಗೆಯಬಹುದು. ಕತ್ತರಿಸಿದ್ದನ್ನು ಜೋಡಿಸಲಾಗದು. ಅಂಚಿನ ಕೂದಲು ಅತಿ ದಟ್ಟವಾಗಿದ್ದರೆ ಚಿಮಟದಿಂದ ಅಲ್ಲಲ್ಲಿ ಒಂದೊಂದೇ ಎಳೆ ತೆಗೆದರೆ ಸಹಜತೆ ಬರುತ್ತದೆ.

ಧಾರಣೆ ಮತ್ತು ಆರೈಕೆ

ಚಿಕಿತ್ಸೆಯ ಕಾಲದಲ್ಲಿ ಅಂಟು ಬಳಸದಿರುವುದೇ ಮೇಲು. ಎಲಾಸ್ಟಿಕ್ ಪಟ್ಟಿ ಅಥವಾ ಸಿಲಿಕೋನ್ ಪಟ್ಟಿ ಸಾಕು. ತಲೆಗೆ ವಿಕಿರಣ ಚಿಕಿತ್ಸೆ ಪಡೆಯುತ್ತಿರುವವರು ವೈದ್ಯರನ್ನು ಕೇಳದೆ ಏನನ್ನೂ ಹಚ್ಚಬಾರದು. ತುರಿಕೆ, ಕೆಂಪು, ಗುಳ್ಳೆ ಕಂಡರೆ ವಿಗ್ಗನ್ನು ಕೂಡಲೇ ತೆಗೆದಿಟ್ಟು ವೈದ್ಯರಿಗೆ ತೋರಿಸಬೇಕು. ರಾತ್ರಿ ಮಲಗುವಾಗ ತೆಗೆದು ನೆತ್ತಿಗೆ ಗಾಳಿಯಾಡಲು ಬಿಡಬೇಕು. ವಿಭೂತಿ ಧರಿಸುವವರು ಮೊದಲು ವಿಗ್ ತೊಟ್ಟು, ಅನಂತರ ಅಂಚಿಗೆ ತಾಗದಂತೆ ಹಚ್ಚಿಕೊಳ್ಳುವುದು ಲೇಸು. ಬಲೆಯ ರಂಧ್ರಗಳಲ್ಲಿ ವಿಭೂತಿ ಕುಳಿತರೆ ಬಿಳಿಯ ಗೆರೆ ಕಾಣಿಸುತ್ತದೆ.

ಕೃತಕ ನಾರು ಶಾಖಕ್ಕೆ ಸುಕ್ಕುಗಟ್ಟುತ್ತದೆ, ಬೆಂಕಿ ತಗುಲಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಒಲೆಯ ಮುಂದೆ, ಆರತಿ ಬೆಳಗುವಾಗ, ಕುದಿಯುವ ಎಣ್ಣೆಯ ಬಳಿ ಅದನ್ನು ಧರಿಸಲೇಬಾರದು. ಹತ್ತು ಹನ್ನೆರಡು ಸಲ ಧರಿಸಿದ ಮೇಲೆ, ತಣ್ಣೀರಿಗೆ ಸೌಮ್ಯವಾದ ಶಾಂಪೂ ಬೆರೆಸಿ ಅದ್ದಿ ತೆಗೆದು, ಹಿಂಡದೆ, ಟವೆಲ್ಲಿನಿಂದ ಒತ್ತಿ, ನೆರಳಿನಲ್ಲಿ ಒಣಗಿಸಬೇಕು.

ವಿಗ್ ಧರಿಸಲೇಬೇಕೆಂಬ ನಿಯಮವಿಲ್ಲ. ಸೆರಗು ಹೊದೆಯುವುದಾಗಲಿ, ಹತ್ತಿಯ ವಸ್ತ್ರ ಕಟ್ಟುವುದಾಗಲಿ, ಬೋಳುತಲೆಯಲ್ಲಿಯೇ ಇರುವುದಾಗಲಿ ರೋಗಿಯ ಇಚ್ಛೆ. ಮನೆಯವರು ಒತ್ತಾಯಿಸದಿರುವುದೇ ದೊಡ್ಡ ಶುಶ್ರೂಷೆ.

ನಮ್ಮ ಅಕ್ಕನವರು ಮತ್ತೊಂದನ್ನು ಬಯಸಿದರು. ಈ ಸಲ ಗುರುತು ಹಾಕಿದವರು ಅವರೇ. ನಾವು ಪಾತ್ರೆ ಹಿಡಿದು ಕುಳಿತೆವು. ಅದನ್ನು ತೊಟ್ಟು ಸೋದರಸೊಸೆಯ ಸೀಮಂತಕ್ಕೆ ಹೋಗಿ, ಹೆಣ್ಣುಮಕ್ಕಳ ನಡುವೆ ಕುಳಿತು ಸೋಬಾನೆ ಪದ ಹಾಡಿದರು. ಚಿಕಿತ್ಸೆ ಮುಗಿದು ಈಗ ಆರು ತಿಂಗಳು. ಅವರದೇ ಕೂದಲು ಬೆರಳುದ್ದ ಬೆಳೆದಿದೆ. ವಿಗ್ಗನ್ನು ತೊಳೆದು, ಒಣಗಿಸಿ, ಪೆಟ್ಟಿಗೆಯಲ್ಲಿಟ್ಟಿದ್ದೇವೆ.