ಕಗ್ಗ ಬಲ್ಲವರ ಗಜನಿ

ಕುಮಟಾ ತಾಲೂಕಿನಲ್ಲಿ ಅಘನಾಶಿನಿ ಕಡಲು ಸೇರುವ ಅಳಿವೆಯ ಬದಿಗೆ ಗಜನಿ ಗದ್ದೆಗಳಿವೆ. ಉಬ್ಬರದ ಉಪ್ಪುನೀರು ಬರುವ ತಗ್ಗು ಅದು. ಮಾಮೂಲಿ ಭತ್ತ ಬಿತ್ತಿದರೆ ಸಸಿ ಸುಟ್ಟಂತಾಗುತ್ತದೆ. ಮಣ್ಣಿನಲ್ಲಿ ಉಪ್ಪು ಹೆಚ್ಚಿದರೆ ಬೇರಿಗೆ ನೀರು ಹೀರುವುದೇ ಕಷ್ಟ. ಎಲೆಗೇರಿದ ಸೋಡಿಯಂ ಪೊಟ್ಯಾಸಿಯಂನ ಜಾಗ ಹಿಡಿದು ಜೀವಕೋಶದ ಕೆಲಸ ಕೆಡಿಸುತ್ತದೆ. ಅಂಥಲ್ಲಿ ನಿಲ್ಲುವುದು ಕಗ್ಗ. ಎತ್ತರಕ್ಕೆ ಬೆಳೆಯುವ, ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಚೇತರಿಸಿಕೊಳ್ಳುವ, ಕೆಂಪಕ್ಕಿಯ ತಳಿ.

ಬೀಜವೊಂದಿದ್ದರೆ ಸಾಲದು. ಮುಂಗಾರು ಮಣ್ಣಿನ ಉಪ್ಪನ್ನು ತೊಳೆಯಬೇಕು, ತೊಳೆದ ನೀರು ಹೊರಗೆ ಹೋಗಬೇಕು. ಅದಕ್ಕೇ ಗದ್ದೆಗಳ ಸುತ್ತಲಿನ ಒಡ್ಡಿನಲ್ಲಿ ಹಲಗೆಯ ಬಾಗಿಲು. ಇಳಿತದಲ್ಲಿ ತೆರೆಯುವುದು, ಉಬ್ಬರ ಏರುವ ಮೊದಲು ಮುಚ್ಚುವುದು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಸೂರ್ಯ, ಚಂದ್ರರ ಸೆಳೆತ ಒಂದೇ ಸಾಲಿಗೆ ಬಂದು ಉಬ್ಬರ ಜೋರಾಗುತ್ತದೆ, ಅಷ್ಟಮಿಯ ಹೊತ್ತಿಗೆ ಮೆತ್ತಗಾಗುತ್ತದೆ. ಬಾಗಿಲು ನೋಡಿಕೊಳ್ಳುವವರು ತಿಥಿ ಎಣಿಸಿಯೇ ನೀರಿನ ಮಟ್ಟ ಅಂದಾಜು ಮಾಡಬಲ್ಲರು. ಒಂದು ರಾತ್ರಿ ಮೈಮರೆತರೆ ಕೆಡುವುದು ಒಬ್ಬರ ಗದ್ದೆಯಲ್ಲ, ಒಡ್ಡಿನೊಳಗಿನ ಎಲ್ಲರದ್ದೂ. ಇದೇ ಅಳಿವೆಯ ಮಾಣಿಕಟ್ಟಾ ಊರಿನ ರೈತರು ಒಟ್ಟಾಗಿ ಸಾಗುವಳಿ ಮಾಡುತ್ತ ಬಂದಿರುವುದರ ಅರ್ಥ ಇಲ್ಲಿ ತಿಳಿಯುತ್ತದೆ. ಕೊಯ್ಲಿನಲ್ಲಿ ಬರೀ ತೆನೆ ಕೊಯ್ಯುತ್ತಾರೆ. ನಿಂತ ಹುಲ್ಲು ನೀರಿನಲ್ಲಿ ಕೊಳೆತು ಮೀನು, ಸಿಗಡಿಗೆ ಆಹಾರವಾಗುತ್ತದೆ, ಮಣ್ಣಿಗೂ ಸಾರವಾಗುತ್ತದೆ; ಗೊಬ್ಬರದ ಮೂಟೆ ಇತ್ತ ಬರಬೇಕಾಗಿಯೇ ಇಲ್ಲ.

ಇಂಥ ನಾಡತಳಿಗಳನ್ನು ಹಿಂದುಳಿದವು ಎನ್ನುವವರಿಗೆ ಒಡಿಶಾದ ಉದಾಹರಣೆ ಹೇಳಬೇಕು. ಮಾಮೂಲಿ ಭತ್ತ ಮುಳುಗಿದ ಕೂಡಲೇ ಗಾಳಿಗಾಗಿ ಮೇಲಕ್ಕೆ ಚಾಚುತ್ತದೆ, ಕೂಡಿಟ್ಟ ಪಿಷ್ಟವೆಲ್ಲ ಖರ್ಚಾಗಿ ಸಾಯುತ್ತದೆ. ಅಲ್ಲಿನ ರೈತರ ತಳಿಯಿಂದ ಆಯ್ದ ಎಫ್‌ಆರ್ 13ಎ ಹಾಗಲ್ಲ. ಬೆಳವಣಿಗೆ ನಿಲ್ಲಿಸಿ, ಉಸಿರು ಹಿಡಿದಂತೆ ನೀರಿಳಿಯುವ ತನಕ ಕಾಯುತ್ತದೆ. ಇದರ ಹಿಂದಿನ ವಂಶವಾಹಿಯನ್ನು ವಿಜ್ಞಾನಿಗಳು 2006ರಲ್ಲಿ ಗುರುತಿಸಿದರು. ಅದನ್ನು ಬೆರೆಸಿದ ಸ್ವರ್ಣ-ಸಬ್1 ತಳಿ 2009ರಲ್ಲಿ ಭಾರತದಲ್ಲಿ ಬಿಡುಗಡೆಯಾಯಿತು. ಎರಡು ವಾರ ಮುಳುಗಿದರೂ ಬದುಕುವ ಶಕ್ತಿ ಅದಕ್ಕೆ ಬಂದದ್ದು ಹೆಸರಿಲ್ಲದ ರೈತರು ಕಾಪಾಡಿದ ಬೀಜದಿಂದ.

ಬೀಜವನ್ನು ಶೀತಲ ಕೋಣೆಯಲ್ಲಿ ಹತ್ತಾರು ವರ್ಷ ಇಡಬಹುದು. ಬಾಗಿಲಿನ ವಿದ್ಯೆಯನ್ನು ಇಡಲು ಅಂಥ ಕೋಣೆಯಿಲ್ಲ. ಹಲವು ಗಜನಿಗಳು ಸಿಗಡಿ ಹೊಂಡಗಳಾಗಿವೆ. ಅಲ್ಲಿ ಮತ್ತೆ ಕಗ್ಗ ಬಿತ್ತುತ್ತೇನೆಂದು ಮುಂದೆ ಯಾರಾದರೂ ಬೀಜ ತಂದರೆ, ಯಾವ ಇಳಿತಕ್ಕೆ ಹಲಗೆ ಎತ್ತಬೇಕೆಂದು ಅವರು ಕೇಳುವುದು ಯಾರನ್ನು?