ಮಧುಗಿರಿ ಆಚಾರ್ರ ಬಂದೂಕು ರಿಪೇರಿ

ಹಳೇ ಬಂದೂಕಿನ ನಳಿಗೆ ಬಿಚ್ಚಿ ಬೋರಲು ಹಾಕಿದರೆ ಬುಡದಲ್ಲಿ ಸಣ್ಣ ಸಣ್ಣ ಮುದ್ರೆಗಳು ಕಾಣುತ್ತವೆ. ಅಡ್ಡಡ್ಡ ಇಟ್ಟ ಎರಡು ರಾಜದಂಡ, ಮೇಲೊಂದು ಕಿರೀಟ, ಪಕ್ಕದಲ್ಲಿ 12 ಎಂಬ ಅಂಕೆ. ಮಧುಗಿರಿಯ ಆಚಾರ್ರು ಇವನ್ನು ಓದುವುದು ಬೆರಳಿನಿಂದ. ಮೊದಲು ಹೆಬ್ಬೆರಳು ಆಡಿಸುತ್ತಾರೆ, ಆಮೇಲೆ ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಉಜ್ಜುತ್ತಾರೆ, ಕನ್ನಡಕ ಕೊನೆಗೆ. ಪಾವಗಡದ ಕಡೆಯಿಂದ ಅವರ ಸ್ನೇಹಿತರೊಬ್ಬರು ತಂದ ಜೋಡಿ ನಳಿಗೆ ಬಂದೂಕಿನಲ್ಲಿ ಹೀಗೆ ಉಜ್ಜಿದಾಗ ಮೇಲೆದ್ದದ್ದು ಮೂರು ಇಂಗ್ಲಿಷ್ ಪದ: ನಾಟ್ ಫಾರ್ ಬಾಲ್.

ಚರೆಗೆ ಮಾತ್ರ, ಒಂಟಿ ಗುಂಡು ಹಾಕಬೇಡಿ ಎಂಬ ಎಚ್ಚರಿಕೆ ಅದು. ಬಾಯಿ ಹತ್ತಿರ ಕೊಂಚ ಕಿರಿದು ಮಾಡಿದ ನಳಿಗೆಗಳಿಗೆ ಬರ್ಮಿಂಗ್‌ಹ್ಯಾಮಿನ ಬಂದೂಕು ಪರೀಕ್ಷಾಗೃಹದವರು ಈ ಮಾತು ಹೊಡೆಯುತ್ತಿದ್ದದ್ದು 1875ರಿಂದ 1887ರವರೆಗೆ. ಹಾಗಾಗಿ ಬಂದೂಕಿಗೆ ಜಾತಕವೇ ಸಿಕ್ಕಿಬಿಟ್ಟಿತು. ‘ನಮ್ ತಾತನ ಕಾಲದ್ದು’ ಎಂದುಕೊಂಡು ಬಂದಿದ್ದ ಸ್ನೇಹಿತರು ಆ ತಾತನ ತಂದೆಯ ಕಾಲಕ್ಕೆ ಹೋಗಬೇಕಾಯಿತು.

ಆಚಾರ್ರಿಗೆ ಎಪ್ಪತ್ತು ದಾಟಿದೆ. ಹೆಸರು ಬೇಡ ಅಂದರು. ‘ಲೈಸೆನ್ಸು ಪುಸ್ತಕದಾಗಿದೆ, ಅಷ್ಟು ಸಾಕು. ಪೇಪರ್‌ನಾಗೆ ಬಂದ್ರೆ ಊರಲ್ಲಿರೋ ಕಳ್ ಬಂದೂಕೆಲ್ಲ ನಮ್ ಬಾಗಿಲಿಗೇ ಬತ್ತವೆ.’ 1959ರ ಆಯುಧ ಕಾಯ್ದೆಯ ಪ್ರಕಾರ ಬಂದೂಕು ಮಾಡುವುದಕ್ಕೆ ಮಾತ್ರವಲ್ಲ, ರಿಪೇರಿ ಮಾಡುವುದಕ್ಕೂ ಪರವಾನಗಿ ಬೇಕು. ಬಂದದ್ದು, ಹೋದದ್ದು, ಯಾರದ್ದು, ಅವರ ಲೈಸೆನ್ಸು ಯಾವುದು, ಎಲ್ಲ ಪುಸ್ತಕಕ್ಕೆ ಏರಬೇಕು. ಜೊತೆಯಲ್ಲಿ ಸ್ಲೇಟು ಹಿಡಿದು ಓದಿದ ಗೆಳೆಯನಾದರೂ ಸರಿ, ಸಹಿ ಹಾಕಿಯೇ ಒಳಗೆ ಬರಬೇಕು.

ಈ ಕಸುಬಿನ ಇತಿಹಾಸ ಅವರ ಬಾಯಲ್ಲಿ ಚುಟುಕಾಗಿದೆ. 1687ರಲ್ಲಿ ಶಿರಾ ಮೊಗಲರ ಸುಬಾದ ರಾಜಧಾನಿಯಾಯಿತು, ದಂಡು ಬಂತು, ದಂಡಿನ ಹಿಂದೆ ಬಂದೂಕು ಬಂತು, ಕೆಟ್ಟ ಬಂದೂಕು ಕಮ್ಮಾರನ ಕುಲುಮೆಗೆ ಬಂತು. ಮಧುಗಿರಿ, ಕೊರಟಗೆರೆಯ ಪಾಳೇಗಾರರಿಗೂ ತಮ್ಮ ಹಿರಿಯರೇ ಕೆಲಸ ಮಾಡಿದ್ದು ಅನ್ನುತ್ತಾರೆ. ಕಾಗದ ಪತ್ರ ಕೇಳಿದರೆ ನಗುತ್ತಾರೆ. ನಾನೂ ಒತ್ತಾಯ ಮಾಡಲಿಲ್ಲ.

ಅವರ ಕೈಗೆ ಹೆಚ್ಚಾಗಿ ಬರುವುದು ಬೇಟೆಯ ಬಂದೂಕಲ್ಲ, ಹೊಲ ಕಾಯುವ ಕೇಪಿನ ಬಂದೂಕು. ಬೆಳೆ ರಕ್ಷಣೆಗೆಂದು ಕೇಳುವವನಿಗೆ ಕಾನೂನು ಮೊದಲು ತೋರಿಸುವುದೇ ಬಾಯಿಂದ ಮದ್ದು ತುಂಬುವ ಈ ಒಂಟಿ ನಳಿಗೆಯನ್ನು. ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ತೋಟಾ ಬಂದೂಕು. ಒಳಗೆ ಸುರುಳಿ ಗೆರೆಯಿರುವ ನಿಜವಾದ ರೈಫಲ್ ಇಲ್ಲಿ ಅಪರೂಪ. ದೇವರಾಯನದುರ್ಗದ ಹುಲಿಯ ಬಗ್ಗೆ ಬರೆದ ಕೆನೆತ್ ಆಂಡರ್ಸನ್ನರನ್ನು ಓದಿದವರಿಗೆ ಅವರ .405 ವಿಂಚೆಸ್ಟರ್ ನೆನಪಿರಬಹುದು. ಆಚಾರ್ರು ಕಂಡ ರೈಫಲ್ಲುಗಳೆಲ್ಲ ಸರ್ಕಾರಿ ಕಾರ್ಖಾನೆಯ .315. ಸೈನ್ಯದ .303 ಅನ್ನು ಸಾಮಾನ್ಯ ಜನ ಇಟ್ಟುಕೊಳ್ಳುವಂತಿಲ್ಲವಲ್ಲ, ಅದಕ್ಕೇ ಈ ಬೇರೆ ಅಳತೆ.

ಪಾವಗಡದ ಬಂದೂಕಿಗೆ ಬರೋಣ. ಸ್ನೇಹಿತರ ತಂದೆ ತೀರಿಕೊಂಡ ಮೇಲೆ ಲೈಸೆನ್ಸು ಮಗನ ಹೆಸರಿಗೆ ಆಗುವ ತನಕ ಅದನ್ನು ಜಮಾ ಇಡಬೇಕಾಯಿತು. ಕಡತ ಓಡಾಡುವಷ್ಟರಲ್ಲಿ ವರ್ಷಗಳೇ ಉರುಳಿದವು. ಹೊರಗೆ ಬಂದಾಗ ನಳಿಗೆಗೆ ತುಕ್ಕು, ಹಿಡಿಯ ಕೊರಳಲ್ಲಿ ಸೀಳು, ಎಡಗಡೆಯ ಕುದುರೆ (ತೋಟಾ ಸಿಡಿಸುವ ಸುತ್ತಿಗೆ) ಎತ್ತಿದರೆ ನಿಲ್ಲುತ್ತಿರಲಿಲ್ಲ. ಸಾಲದ್ದಕ್ಕೆ, ಹಿಂದೆ ಯಾರೋ ಪುಣ್ಯಾತ್ಮರು ಕಬ್ಬಿಣದ ಗೇಟಿಗೆ ಬಳಿಯುವ ಕಪ್ಪು ಪೇಂಟು ಬಳಿದಿದ್ದರು. ಸ್ನೇಹಿತರ ಬೇಡಿಕೆ ಮೂರು: ಹೊಸದರ ಹಾಗೆ ಕಪ್ಪಗೆ ಮಿಂಚಬೇಕು, ಭುಜಕ್ಕೆ ರಬ್ಬರ್ ಪಟ್ಟಿ ಬೇಕು, ಈಗಿನ ತೋಟಾ ಹಾಕಿದರೆ ಹಾರಬೇಕು.

ಆಚಾರ್ರು ಒಪ್ಪಿದ್ದು ನಡುವಿನದೊಂದನ್ನೇ. ನಳಿಗೆಯನ್ನು ದಾರದಲ್ಲಿ ತೂಗುಹಾಕಿ ಬೆರಳ ಗೆಣ್ಣಿನಿಂದ ತಟ್ಟಿದರು. ಎರಡು ನಳಿಗೆ ಮತ್ತು ನಡುವಿನ ಪಟ್ಟಿಯ ಬೆಸುಗೆ ಗಟ್ಟಿಯಿದ್ದರೆ ಗಂಟೆ ಹೊಡೆದ ಹಾಗೆ ನಾದ ಎಳೆಯುತ್ತದೆ. ಬಿಟ್ಟಿದ್ದರೆ ಬರೀ ಠಪ್ಪೆನ್ನುತ್ತದೆ. ಇದು ಎಳೆಯಿತು. ಆಮೇಲೆ ಕಿಟಕಿಯ ಕಡೆ ಹಿಡಿದು ಒಳಗೆ ಕಣ್ಣಿಟ್ಟರು. ಚೌಕಟ್ಟಿನ ನೆರಳು ನಳಿಗೆಯೊಳಗೆ ನೇರ ಗೆರೆಯಾಗಿ ಬೀಳುತ್ತದೆ, ಎಲ್ಲಿ ನೆಗ್ಗಿದೆಯೋ ಅಲ್ಲಿ ಗೆರೆ ಸೊಟ್ಟಗಾಗುತ್ತದೆ. ನನಗೂ ತೋರಿಸಿದರು. ನನಗೆ ಕಂಡದ್ದು ಕಿಟಕಿ ಮಾತ್ರ.

ಪೇಂಟು ಕರಗಿಸಿದ ಮೇಲೆ ಕೆಳಗಿಂದ ಅಲೆಅಲೆಯಾದ ಕಂದು ಗೆರೆಗಳು ಮೂಡಿದವು. ಕಬ್ಬಿಣ, ಉಕ್ಕಿನ ಸರಳುಗಳನ್ನು ಹೊಸೆದು, ಸುತ್ತಿ, ಕಾಸಿ ಬಡಿದು ಮಾಡಿದ ಡಮಾಸ್ಕಸ್ ನಳಿಗೆ ಅದು. ಕರಿಮದ್ದಿನ ಕಾಲದ್ದು. ಹೊಗೆಯಿಲ್ಲದ ಮದ್ದಿಗೆ ಪರೀಕ್ಷೆ ಮಾಡಿ ಮುದ್ರೆ ಒತ್ತುವ ಪದ್ಧತಿ ಆಗಿನ್ನೂ ಬಂದಿರಲಿಲ್ಲ.

‘ಇದಕ್ಕೆ ಈಗಿನ ತೋಟಾ ಹಾಕಿದ್ರೆ ಹಂದಿ ಅಲ್ಲ ಕಣಯ್ಯ, ನೀನೇ ಹೋಯ್ತೀಯ.’

‘ನಮ್ಮಪ್ಪ ಹೊಡೀತಿದ್ನಲ್ಲೋ?’

‘ನಿಮ್ಮಪ್ಪನ ಅದೃಷ್ಟ ಗಟ್ಟಿ ಇತ್ತು. ಬಂದೂಕಲ್ಲ.’

ಕಪ್ಪು ಮಿಂಚೂ ಬೇಡವೆಂದರು. ಈಗಿನ ಕಾರ್ಖಾನೆಗಳಂತೆ ಕುದಿಯುವ ಕ್ಷಾರದ ದ್ರಾವಣದಲ್ಲಿ ಅದ್ದಿದರೆ ಮೇಲಿನ ಬಣ್ಣವೇನೋ ಬರುತ್ತದೆ, ಒಳಗೆ ನಳಿಗೆಗಳನ್ನು ಹಿಡಿದಿರುವ ಸೀಸ–ತವರದ ಬೆಸುಗೆ ತಿಂದುಹೋಗುತ್ತದೆ. ಅವರ ಕೆಲಸದಲ್ಲಿ ಅರ್ಧ ಇಂಥ ‘ಬೇಡ’ಗಳೇ. ತುಕ್ಕನ್ನು ಎಣ್ಣೆಯಲ್ಲಿ ನೆನೆಸಿ ನಯವಾದ ಉಕ್ಕಿನ ನಾರಿನಲ್ಲಿ ಎತ್ತಿದರು, ಗುಳಿಬಿದ್ದ ಕಡೆ ಉಜ್ಜದೆ ಬಿಟ್ಟರು. ಉಜ್ಜಿದಷ್ಟೂ ನಳಿಗೆ ತೆಳುವಾಗುತ್ತದೆ. ಕುದುರೆಯ ಸ್ಪ್ರಿಂಗು ಹೇಗೆ ಸರಿಹೋಯಿತೆಂದು ನನ್ನನ್ನು ಕೇಳಬೇಡಿ, ಆ ಹೊತ್ತಿಗೆ ಅವರು ನನಗೆ ಬೆನ್ನು ತಿರುಗಿಸಿ ಕೂತಿದ್ದರು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಸ್ಕ್ರೂಡ್ರೈವರುಗಳ ಡಬ್ಬಿ. ಹಳೇ ಇಂಗ್ಲಿಷ್ ಬಂದೂಕಿನ ಸ್ಕ್ರೂಗಳ ಸೀಳು ಕೂದಲೆಳೆಯಷ್ಟು ಸಪೂರ. ಅಂಗಡಿಯ ಸ್ಕ್ರೂಡ್ರೈವರ್ ಕೂರುವುದಿಲ್ಲ, ಕೂರಿಸಿದರೆ ತಲೆ ಕೀಳುತ್ತದೆ. ಅದಕ್ಕೆ ಒಂದೊಂದು ಸ್ಕ್ರೂವಿಗೂ ಒಂದೊಂದರ ಮೂತಿಯನ್ನು ಅರದಲ್ಲಿ ಉಜ್ಜಿ ಹೊಂದಿಸುತ್ತಾರೆ. ಹಿಡಿಗಳೋ ಬೇವಿನದು, ತೇಗದ್ದು, ಒಂದು ಮುರಿದ ಲಟ್ಟಣಿಗೆಯದ್ದು. ಯಾವುದು ಯಾವ ಸ್ಕ್ರೂವಿಗೆ ಎಂದು ಎಲ್ಲೂ ಬರೆದಿಲ್ಲ.

ಅಕ್ರೋಟು ಮರದ ಹಿಡಿಯ ಸೀಳಿಗೆ ಅಂಟು ಇಳಿಸಿ, ಒಳಗೊಂದು ಬೆಣೆ ಕೂರಿಸಿ, ಅಗಸೆ ಎಣ್ಣೆಯನ್ನು ಅಂಗೈಯಲ್ಲೇ ತಿಕ್ಕಿದರು. ಅಂಗೈ ಬಿಸಿಗೆ ಎಣ್ಣೆ ಮರಕ್ಕೆ ಇಳಿಯುತ್ತದಂತೆ. ರಬ್ಬರ್ ಪಟ್ಟಿಯೂ ಬಿತ್ತು. ಹಾರಿಸದ ಬಂದೂಕಿಗೆ ಭುಜದ ಪಟ್ಟಿ ಯಾಕೆ ಎಂದು ಕೇಳಿದೆ. ‘ಕೇಳಿದ್ನಲ್ಲ, ಮೂರರಲ್ಲಿ ಒಂದಾದ್ರೂ ಆಗ್ಲಿ’ ಅಂದರು.

ಹಾರಿಸುವುದಕ್ಕಾದರೂ ಏನು ಉಳಿದಿದೆ? 1972ರ ವನ್ಯಜೀವಿ ಕಾಯ್ದೆಯಲ್ಲಿ ಉಳಿದಿದ್ದ ಮೋಜಿನ ಬೇಟೆಯ ಪರವಾನಗಿಯನ್ನು 1991ರ ತಿದ್ದುಪಡಿ ತೆಗೆದುಹಾಕಿತು. ಮಧುಗಿರಿಯ ಮೈದನಹಳ್ಳಿಯ 798 ಎಕರೆ 2007ರಿಂದ ಕೃಷ್ಣಮೃಗಗಳ ಮೀಸಲು ಪ್ರದೇಶ, ಶಿರಾದ ಬುಕ್ಕಾಪಟ್ಟಣ 2019ರಿಂದ ಚಿಂಕಾರಾ ಅಭಯಾರಣ್ಯ. ಆಗಬೇಕಾದದ್ದೇ ಆಯಿತು. ಆದರೆ ಕಡ್ಲೆಕಾಯಿ ಹೊಲಕ್ಕೆ ರಾತ್ರಿ ನುಗ್ಗುವ ಹಂದಿ ಹಿಂಡನ್ನೂ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಮುಟ್ಟುವಂತಿಲ್ಲ. ರೈತ ಈಗ ಪಟಾಕಿ, ಮೈಕು, ಸೀರೆಯ ಬೇಲಿ ನಂಬಿಕೊಂಡಿದ್ದಾನೆ. ಬಂದೂಕು ಅಟ್ಟದಲ್ಲಿರುತ್ತದೆ, ಲೈಸೆನ್ಸಿನ ನವೀಕರಣ ಮಾತ್ರ ತಪ್ಪದು.

ಕೊಡಗಿನಲ್ಲಿ ಕೋವಿಗೆ ಕಾನೂನಿನ ವಿನಾಯಿತಿ ಇದೆ, ಕೈಲ್ ಪೊಳ್ದ್ ಹಬ್ಬದಲ್ಲಿ ಹೂವಿನ ಪೂಜೆಯಿದೆ. ಬಯಲುಸೀಮೆಯ ಬಂದೂಕಿಗೆ ಅಂಥ ನಂಟರಿಲ್ಲ. ಆಚಾರ್ರ ಮಗ ಬೆಂಗಳೂರಿನ ಪೀಣ್ಯದಲ್ಲಿ ಲೇತು ನಡೆಸುತ್ತಾನೆ, ಅಪ್ಪನ ಪರವಾನಗಿಗೆ ಅವನು ಅರ್ಜಿ ಹಾಕಿಲ್ಲ, ಹಾಕುವ ಹಾಗೂ ಕಾಣುವುದಿಲ್ಲ. ಹಳೇ ನಳಿಗೆಯ ಮುದ್ರೆ ಓದಿ ‘ಇದನ್ನು ಹಾರಿಸಬೇಡ’ ಎಂದು ಹೇಳಬಲ್ಲ ಒಬ್ಬರಾದರೂ ಜಿಲ್ಲೆಯಲ್ಲಿ ಇರಲಿ ಎಂದು ಯಾರಿಗಾದರೂ ಅನ್ನಿಸಿದರೆ, ಇಬ್ಬರು ಹುಡುಗರನ್ನು ಈಗಲೇ ಆಚಾರ್ರ ಪಕ್ಕದಲ್ಲಿ ಕೂರಿಸಬೇಕು.

ಸ್ನೇಹಿತರಿಂದ ಆಚಾರ್ರು ದುಡ್ಡು ಮುಟ್ಟಲಿಲ್ಲ, ಒಂದು ಮೂಟೆ ಕಡ್ಲೆಕಾಯಿ ಇಳಿಸಿಕೊಂಡರು. ಪುಸ್ತಕದಲ್ಲಿ ಸಹಿ ಆಯಿತು. ಚುನಾವಣೆ ಬಂದರೆ ಬಂದೂಕು ಮತ್ತೆ ಜಮಾ ಹೋಗಬೇಕು. ‘ಹೋಗೋ ಮುಂಚೆ ನನ್ನತ್ರ ತಗಂಬಾ. ಗ್ರೀಸ್ ತುಂಬಿ ಕೊಡ್ತೀನಿ. ನಾನಿದ್ರೆ.’